ಹೂಂಗುಟ್ಟಿ

"ಅರ್ಥ ಆಯ್ತಾ?" ಎಂದು ರಸಾಯನಶಾಸ್ತ್ರದ ಮೇಡಂ ಕೇಳಿದಾಗ ತರಗತಿಯೆಲ್ಲ ಒಂದೇ ದನಿಯಲ್ಲಿ "ಹೂಂ" ಎಂದಿತು. ಎಲ್ಲರಿಗಿಂತ ಮೊದಲು ಹೂಂ ಎಂದವಳು ಕಿಟಕಿಯ ಪಕ್ಕದ ಬೆಂಚಿನ ಹುಡುಗಿ. ಬೋರ್ಡಿನ ಮೇಲೆ ಏನಿದೆ ಎಂದು ಕೇಳಿದ್ದರೆ, ಸೀಮೆಸುಣ್ಣ ಎನ್ನುವುದರಾಚೆ ಅವಳಿಗೆ ಏನೂ ಹೇಳಲು ಬರುತ್ತಿರಲಿಲ್ಲ.

ಅಳು ಬರುತ್ತಿರಲಿಲ್ಲ, ಭಯವೂ ಆಗುತ್ತಿರಲಿಲ್ಲ. ಕಾಲು ಮಡಚಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಕಾಲು ಇದೆಯೆಂದು ಗೊತ್ತು, ಮುಟ್ಟಿದರೆ ಗೊತ್ತಾಗುವುದಿಲ್ಲ; ಓದಿನ ವಿಷಯದಲ್ಲಿ ಅವಳಿಗೆ ಹಾಗಾಗಿತ್ತು. ಅವಳದು ಪ್ರಯೋಗಾಲಯದ ಕೆಲಸ ಕಲಿಸುವ ಕೋರ್ಸು. ರಸಾಯನಶಾಸ್ತ್ರದಲ್ಲಿ ಹೋದ ವರ್ಷ ಫೇಲಾಗಿದ್ದಳು. ಇನ್ನೊಮ್ಮೆ ಫೇಲಾದರೆ ಕೋರ್ಸಿನಿಂದಲೇ ಹೊರಗೆ. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದ ಅಮ್ಮ, "ನನ್ನ ಮಗಳು ಮೇಲ್ಗಡೆ ಲ್ಯಾಬಿಗೆ ಬರ್ತಾಳೆ" ಎಂದು ಜತೆಯವರಿಗೆಲ್ಲ ಆಗಲೇ ಹೇಳಿಟ್ಟಿದ್ದಳು. ಅದನ್ನು ನೆನೆದರೂ ಎದೆಯಲ್ಲಿ ಏನೂ ಅಲುಗುತ್ತಿರಲಿಲ್ಲ.

ತರಗತಿ ಮುಗಿದ ಮೇಲೆ ಮೇಡಂ ಅವಳನ್ನು ನಿಲ್ಲಿಸಿಕೊಂಡರು. "ಊಟ ಆದ್ಮೇಲೆ ದಿನಾ ನೆರವಿನ ಕೋಣೇಲಿ ಇರ್ತೀನಮ್ಮ. ನಿಮ್ಮಂಥವರು ಬಂದು ಕೇಳ್ಲಿ ಅಂತಾನೇ ಕಾಲೇಜು ನನ್ನ ಅಲ್ಲಿ ಕೂರ್ಸಿರೋದು. ಬಾ."

"ಹೂಂ ಮೇಡಂ."

"ಹೋದ ವಾರಾನೂ ಹೂಂ ಅಂದಿದ್ದೆ."

"ಹೂಂ ಮೇಡಂ."

ಬೆಂಚಿನ ಗೆಳತಿ ಬಾಗಿಲಲ್ಲಿ ಕಾದಿದ್ದಳು. "ಐಸಿಯುಗೆ ಕರೀತಿದ್ದಾರಾ?" ಎಂದು ನಕ್ಕಳು. ಮೆಟ್ಟಿಲ ಕೆಳಗಿನ ಆ ಕೋಣೆಗೆ ಹುಡುಗರಿಟ್ಟ ಹೆಸರು ಅದು. "ಅಲ್ಲಿಗೆ ಹೋದ್ರೆ ಮುಗೀತು ಕಣೇ. ದಡ್ಡಿ ಅಂತ ನೀನೇ ಹಣೆಗೆ ಚೀಟಿ ಅಂಟಿಸ್ಕೊಂಡ ಹಾಗೆ."

"ನೀನು ಯಾವತ್ತೂ ಹೋಗಿಲ್ವಾ?"

"ನಂಗೇನು ಬಂದಿದೆ ರೋಗ?" ಎಂದಳು ಗೆಳತಿ. ಅವಳೂ ಹೋದ ತಿಂಗಳ ಕಿರುಪರೀಕ್ಷೆಯಲ್ಲಿ ಮುಳುಗುತ್ತ ಏಳುತ್ತ ದಡ ಸೇರಿದವಳೇ.

ಕ್ಯಾಂಟೀನಿಗೆ ಹೋಗಲು ಆ ಕೋಣೆಯ ಮುಂದೆಯೇ ಹಾಯಬೇಕು. ಮೇಡಂ ಒಬ್ಬರೇ ಕೂತು ಕಿತ್ತಳೆ ಸುಲಿಯುತ್ತಿದ್ದರು. ಎದುರಿನ ಕುರ್ಚಿ ಖಾಲಿಯಿತ್ತು. ಹುಡುಗಿ ತಲೆ ತಗ್ಗಿಸಿ ನಡೆದಳು.

ಸಂಜೆ ಮನೆಯಲ್ಲಿ ಅಜ್ಜಿ ಕೆಳಗಿನ ಬಟ್ಟೆಯಂಗಡಿಯ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದಳು. "ಏನೇ ಹೂಂಗುಟ್ಟಿ, ತೊಳೆದಿಟ್ಟ ತಟ್ಟೆ ಥರ ಇದೆ ಮುಖ. ಒಂದಗುಳೂ ಇಲ್ಲ."

ಹೂಂಗುಟ್ಟಿ ಎನ್ನುವುದು ಚಿಕ್ಕಂದಿನ ಹೆಸರು. ಕಥೆ ಕೇಳುವವರು ಹೂಂಗುಟ್ಟಬೇಕೆಂಬುದು ಅಜ್ಜಿಯ ಕಟ್ಟಳೆ. ಇವಳು ಅರ್ಧ ನಿದ್ದೆಯಲ್ಲೂ ಹೂಂ ಅನ್ನುತ್ತಿದ್ದಳು. ಕಳ್ಳತನ ಹಿಡಿಯಲು ಅಜ್ಜಿ ನಡುವೆ, "ಆಮೇಲೆ ಇರುವೆ ಆನೆಯನ್ನ ನುಂಗ್ತು" ಎಂದು ತೂರಿಸುತ್ತಿದ್ದಳು. ಅದಕ್ಕೂ ಹೂಂ ಬರುತ್ತಿತ್ತು.

"ಓದಿದ್ದು ತಲೆಗೆ ಹೋಗ್ತಿಲ್ಲ ಅಜ್ಜಿ."

"ಜೋರಾಗಿ ಓದು. ನಾನು ಹೂಂಗುಟ್ತೀನಿ."

ದ್ರಾವಣ, ಸಾಂದ್ರತೆ, ಆಮ್ಲ ಎಂದು ಹುಡುಗಿ ಓದುತ್ತ ಹೋದಳು. ದಾರ ಎಳೆದಾಗಲೆಲ್ಲ ಅಜ್ಜಿಯಿಂದ ಒಂದು ಹೂಂ. ಸ್ವಲ್ಪ ಹೊತ್ತಾದ ಮೇಲೆ ಹುಡುಗಿ ದನಿ ಬದಲಿಸದೆ ಓದಿದಳು: "ಆಮೇಲೆ ಇರುವೆ ಆಸಿಡ್ ಕುಡಿದು ಆನೆಯನ್ನು ನುಂಗಿತು."

"ಹೂಂ."

"ಸಿಕ್ಕಿಬಿದ್ದೆ ನೀನು, ಅಜ್ಜಿ."

ಅಜ್ಜಿ ಸೂಜಿ ನಿಲ್ಲಿಸಿದಳು. "ನಂಗೆ ಅದೂ ಒಂದೇ, ಇದೂ ಒಂದೇ. ಗೊತ್ತಾಗ್ಲಿಲ್ಲ ಅಂದ್ರೆ ನಿಂಗೆ ಬೇಜಾರಾಗುತ್ತೆ ಅಂತ ಹೂಂ ಅಂದೆ. ಹೋಗ್ಲಿ, ಇರುವೆ ಬಿಟ್ಟು ಮಿಕ್ಕಿದ್ದು ಏನು ಓದಿದೆ? ನೀನೇ ಹೇಳು."

ಹುಡುಗಿ ಮತ್ತೆ ಪುಸ್ತಕದಲ್ಲಿ ಸಾಲು ಹುಡುಕತೊಡಗಿದಳು.

"ಕಾಲೇಜಲ್ಲಿ ಕೇಳಿದ್ರೆ ಹೇಳ್ಕೊಡಲ್ವಾ?"

"ಕೊಡ್ತಾರೆ. ಅದಕ್ಕೇ ಅಂತ ಒಂದು ಕೋಣೆ ಇದೆ. ದಡ್ಡರು ಹೋಗೋದು ಅಲ್ಲಿಗೆ."

ಅಜ್ಜಿ ಅಂಗಿಯನ್ನು ಮಡಿಲಿಗೆ ಇಳಿಸಿದಳು. "ನಾನು ಹೇಳ್ತಿದ್ದ ಕಥೇಲಿ ಕುಂಟ ನರಿ ಬಾವಿಗೆ ಬಿತ್ತಲ್ಲ, ಆಮೇಲೆ ಏನಾಯ್ತು?" ಎಂದಳು.

ಹುಡುಗಿ ಯೋಚಿಸಿದಳು. ನರಿ ಇನ್ನೂ ಬಾವಿಯಲ್ಲೇ ಇತ್ತು. ದಾರಿ ತಪ್ಪಿದ ರಾಜಕುಮಾರ ಇನ್ನೂ ಕಾಡಿನಲ್ಲೇ ಇದ್ದ. ಅವಳಿಗೆ ಗೊತ್ತಿದ್ದ ಕಥೆಗಳೆಲ್ಲ ಅರ್ಧಕ್ಕೇ ನಿಂತಿದ್ದವು.

"ನಿದ್ದೆ ಬಂತಜ್ಜಿ ಅಂದಿದ್ರೆ ಅಲ್ಲೇ ನಿಲ್ಲಿಸಿ, ಮಾರನೇ ದಿನ ಅಲ್ಲಿಂದ್ಲೇ ಹೇಳ್ತಿದ್ದೆ. ನೀನು ಹೂಂ ಅಂದೆ. ಕಥೆ ಮುಂದೆ ಹೋಯ್ತು, ನೀನು ಹಿಂದೆ ಉಳಿದೆ." ಅಜ್ಜಿ ಹಲ್ಲಿನಿಂದ ದಾರ ಕಡಿದು ಇನ್ನೊಂದು ಗುಂಡಿ ತೆಗೆದುಕೊಂಡಳು.

ಮರುದಿನ ಊಟವಾದ ಮೇಲೆ ಹುಡುಗಿ ಆ ಬಾಗಿಲ ಮುಂದೆ ನಿಂತಳು. "ಏ, ಅದು ಐಸಿಯು ಕಣೇ" ಎಂದಳು ಗೆಳತಿ, ಮೆಟ್ಟಿಲ ಮೇಲಿನಿಂದ.

"ಗೊತ್ತು. ಉಸಿರಿರೋರನ್ನೇ ಅಲ್ಲಿ ಸೇರ್ಸೋದು."

ಗೆಳತಿ ಮುಂದೆ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ.

ಮೇಡಂ ನಿನ್ನೆಯ ಪಾಠವನ್ನೇ ತೆಗೆದು ಹೇಳಿ, "ಅರ್ಥ ಆಯ್ತಾ?" ಎಂದರು. ಹೂಂ ಗಂಟಲವರೆಗೆ ಬಂದಿತ್ತು. ಹುಡುಗಿ ಅದನ್ನು ನುಂಗಿಕೊಂಡಳು.

"ಇಲ್ಲ ಮೇಡಂ."

ಮೇಡಂ ಒಂದು ಪಾಠ ಹಿಂದಕ್ಕೆ ಹೋದರು. "ಇದು?"

"ಇಲ್ಲ."

ಹಾಳೆಗಳು ಮಗುಚುತ್ತ ಹೋದವು. ಪುಸ್ತಕ ಎಡಗಡೆ ತೆಳ್ಳಗಾಗುತ್ತ ಬಂದಿತು. ಹುಡುಗಿಯ ಕಿವಿ ಬಿಸಿಯಾಯಿತು, ಮುಖದ ತುಂಬ ಸೂಜಿ ಚುಚ್ಚಿದಂತಾಯಿತು. ಜೋಮು ಬಿಡುವಾಗ ಹಾಗೆಯೇ.

"ಇಲ್ಲೀವರೆಗೆ ಎಚ್ಚರ ಇದ್ದೆ ಮೇಡಂ" ಎಂದು ಒಂದು ಕಡೆ ಬೆರಳಿಟ್ಟಳು.

ಮೇಡಂ ನಗಲಿಲ್ಲ. "ಸರಿ, ಇಲ್ಲಿಂದ" ಎಂದು ಪಕ್ಕದ ಲೋಟವನ್ನು ಎಳೆದುಕೊಂಡರು. "ಇದರ ನೀರಿಗೆ ಒಂದು ಚಮಚ ಸಕ್ಕರೆ ಹಾಕಿದೆ ಅಂತಿಟ್ಕೋ. ಮೇಲೆ ಇನ್ನೊಂದು ಲೋಟ ನೀರು ಸುರಿದೆ. ಸಕ್ಕರೆ ಕಡಿಮೆ ಆಯ್ತಾ?"

"ಸಕ್ಕರೆ ಅಷ್ಟೇ ಇದೆ. ಸಿಹಿ ಕಡಿಮೆ ಆಯ್ತು."

"ನೀನು ಸಿಹಿ ಅಂದ್ಯಲ್ಲ, ಅದನ್ನೇ ಪುಸ್ತಕ ಸಾಂದ್ರತೆ ಅನ್ನೋದು."

ಹುಡುಗಿ ಲೋಟವನ್ನು ನೋಡಿದಳು, ಪುಸ್ತಕವನ್ನು ನೋಡಿದಳು, ಮತ್ತೆ ಲೋಟವನ್ನು ನೋಡಿದಳು. ಮೇಡಂ ಕಾದರು.

"ಹೂಂ" ಎಂದಳು ಹುಡುಗಿ, ಸ್ವಲ್ಪ ತಡವಾಗಿ.