ಸೊಸೆಯ ಮೂರನೇ ಪರೀಕ್ಷೆ

ನನ್ನ ಮಗ ಶಿವಪುತ್ರ ಮುಂಬೈಯ ಚೆಂಬೂರಿನ ರಿಫೈನರಿಯಲ್ಲಿ ಪೈಪ್ ವೆಲ್ಡರ್ ಆಗಿದ್ದವನು ಕೆನಡಾಕ್ಕೆ ಹೋಗಿ ಅಲ್ಲಿಯೇ ಕಾಯಂ ಆದ. ಆಮೇಲೆ ರಜೆಯಲ್ಲಿ ಬಂದು ರಂಜನಾಳನ್ನು ಮದುವೆಯಾಗಿ, ತಿಂಗಳೊಳಗೆ ಮರಳಿ ಹೋದ. ಹೋಗುವಾಗ ಹೆಂಡತಿಗೆ ಒಂದು ಮಾತು ಹೇಳಿದ. ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ನಾಲ್ಕರಲ್ಲೂ ಒಂಬತ್ತಕ್ಕೆ ಏಳು ಅಂಕ ಬರಬೇಕು. ಬಂದರೆ ಮಾತ್ರ ಅಲ್ಲಿಗೆ ಕರೆಸಿಕೊಳ್ಳಲು ಸರ್ಕಾರ ಬಿಡುತ್ತದೆ.

ರಂಜನಾ ಸಿಂದಗಿ ಕಡೆಯ ಕನ್ನಡ ಶಾಲೆಯಲ್ಲಿ ಓದಿದವಳು. ಎರಡು ಸಲ ಪರೀಕ್ಷೆಗೆ ಕೂತಳು. ಎರಡು ಸಲವೂ ಬರೆಯುವುದರಲ್ಲಿ ಕಡಿಮೆ ಬಿತ್ತು. ನಾನು ಅವಳಿಗೆ ಧೈರ್ಯ ಹೇಳುತ್ತಿದ್ದೆ. ನಾನೂ ಹಗಲೆಲ್ಲ ಬಿಲ್ಡಿಂಗ್ ಕೆಲಸದಲ್ಲಿ ಸಿಮೆಂಟು ಹೊತ್ತು, ಕೈ ತೊಳೆದುಕೊಂಡು ರಾತ್ರಿ ಶಾಲೆಗೆ ಹೋಗಿ ಏಳನೆಯ ತರಗತಿ ಪಾಸು ಮಾಡಿದವಳು. ಪಕ್ಕದ ಬೆಂಚಿನ ಹೋಟೆಲ್ ಹುಡುಗರು ತೂಕಡಿಸುತ್ತಿದ್ದರು, ನಾನು ಕಣ್ಣು ಮುಚ್ಚುತ್ತಿರಲಿಲ್ಲ. ಕಷ್ಟಪಟ್ಟವರಿಗೆ ಪರೀಕ್ಷೆ ಇವತ್ತಲ್ಲ ನಾಳೆ ಒಲಿಯುತ್ತದೆ ಎಂದೇ ನಂಬಿದ್ದೆ. ಸೊಸೆಗೂ ಅದನ್ನೇ ನಂಬಿಸಿದೆ.

ಭಾನುವಾರ ಶಿವಪುತ್ರನ ವಿಡಿಯೊ ಕಾಲ್ ಬರುತ್ತಿತ್ತು. ಹೆಂಡತಿಯ ಜೊತೆ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ, ಅಭ್ಯಾಸವಾಗಲಿ ಎನ್ನುತ್ತಿದ್ದ. ನೀನು ನೋಡಿದ ಒಂದು ಮದುವೆಯ ಬಗ್ಗೆ ಹೇಳು, ನಿನಗೆ ಇಷ್ಟವಾದ ಊರಿನ ಬಗ್ಗೆ ಹೇಳು ಎಂದು ಕೇಳಿ ಗಡಿಯಾರ ನೋಡುತ್ತ ಕೂರುವನು. ಅವಳು ತಡವರಿಸಿದರೆ ತಿದ್ದುವನು. ಒಂದು ಭಾನುವಾರ ಅವಳಿಗೆ ಮೈ ಸುಡುವ ಜ್ವರ. ಅದನ್ನು ಇಂಗ್ಲಿಷಿನಲ್ಲಿ ಜೋಡಿಸಿ ಹೇಳುವಷ್ಟರಲ್ಲಿ, ಫೋನು ಅವ್ವನ ಕೈಗೆ ಕೊಡು ಎಂದ.

ಅವಳ ಇಂಗ್ಲಿಷ್ ಕ್ಲಾಸು ಇದ್ದದ್ದು ಘಾಟ್ಕೋಪರ್ ಸ್ಟೇಷನ್ ಹತ್ತಿರ. ಒಬ್ಬಳನ್ನೇ ಕಳಿಸಬೇಡ ಎಂದು ಮಗನ ಕಟ್ಟಪ್ಪಣೆ, ಹಾಗಾಗಿ ನಾನೂ ಹೋಗಿ ಕೂರುತ್ತಿದ್ದೆ. ಕಲಿಸುವ ಹಿತೇಶ್ ಸರ್ ಉಡುಪಿ ಕಡೆಯ ಹೋಟೆಲಿನವರ ಮಗ, ಇಲ್ಲಿಯೇ ಹುಟ್ಟಿ ಬೆಳೆದವರು. ಮೂರನೆಯ ಪರೀಕ್ಷೆಗೆ ಹೆಸರು ಕೊಡುವ ದಿನ, ಕೆನಡಾದಲ್ಲಿ ಯಾವ ಕಾಲೇಜಿಗೆ ಹೋಗ್ತೀರಿ ಎಂದು ಕೇಳಿದರು. ಕಾಲೇಜಿಗಲ್ಲ, ಗಂಡನ ಹತ್ತಿರ ಎಂದಳು ರಂಜನಾ. ಸರ್ ಟೈಪ್ ಮಾಡುವುದನ್ನು ನಿಲ್ಲಿಸಿದರು. ನನ್ನ ಕಡೆ ತಿರುಗಿದರು.

"ಆಂಟಿ, ನಿಮ್ಮ ಮಗ ಅಲ್ಲಿ ಪರ್ಮನೆಂಟ್ ಅಲ್ವಾ? ವೈಫನ್ನ ಕರೆಸ್ಲಿಕ್ಕೆ ಈ ಟೆಸ್ಟ್ ಬೇಡ. ಅವರು ಅಲ್ಲಿ ಅರ್ಜಿ ಪೇಪರ್ ಹಾಕಿದ್ರೆ ಸಾಕು."

ಕಂಪ್ಯೂಟರಿನಲ್ಲಿ ತೆಗೆದು ತೋರಿಸಿಯೂ ಬಿಟ್ಟರು. ಮನೆಗೆ ಬರುವ ದಾರಿಯಲ್ಲಿ ರಂಜನಾ, ತನ್ನ ಗಂಡನಿಗೆ ಅಲ್ಲಿ ಯಾರೋ ತಪ್ಪು ಹೇಳಿರಬೇಕು ಎಂದಳು. ನಾನು ಹೂಂ ಎಂದೆ. ಮನೆ ಸೇರಿದವಳೇ ಮಗನಿಗೆ ಫೋನು ಹಚ್ಚಿ ಸ್ಪೀಕರ್ ಆನ್ ಮಾಡಿ ಇಟ್ಟೆ. ಅವಳು ರೊಟ್ಟಿ ಬಡಿಯುತ್ತಿದ್ದಳು.

ಅವನು ಮೊದಲು, ಅಲ್ಲಿ ದಿನಕ್ಕೊಂದು ರೂಲ್ಸು ಎಂದ. ಸರ್ ತೋರಿಸಿದ್ದನ್ನು ಹೇಳಿದೆ. ಆಗ ಮಾತು ಬದಲಿಸಿದ.

"ಅವ್ವಾ, ಆಕಿ ಬಂದುಬಿಟ್ರ ನಿನ್ನ ನೋಡಾವ್ರು ಯಾರು? ನಿನ್ನ ಸಲುವಾಗೇ ಹಂಗ ಹೇಳಿದ್ದೆ. ಪರೀಕ್ಷಾ ಅಂದ್ರ ಓದ್ಕೋತ ಮನ್ಯಾಗ ಇರ್ತಾಳ."

"ಹಂಗಾದ್ರ ನಾ ಸಾಯೂತನಾ ಆಕಿ ನಪಾಸ್ ಆಗ್ಬೇಕೇನು?"

ರಂಜನಾ ತವೆಯ ಮೇಲಿದ್ದ ರೊಟ್ಟಿ ತೆಗೆದಳು. ಮುಂದಿನದು ಬಡಿಯಲಿಲ್ಲ.

ಆ ವಾರವೇ ನಾನು ಬಟ್ಟೆ ಕಟ್ಟಿಕೊಂಡು ಘಾಟ್ಕೋಪರಿನ ತಂಗಿ ದೇವಕ್ಕನ ಮನೆಗೆ ಹೋದೆ. ಮಗನ ಮೇಲಿನ ಸಿಟ್ಟಿಗೆ ನನ್ನ ಮನೆಯಲ್ಲಿ ಜಾಗ ಹಿಡಿದೆಯಲ್ಲ ಎಂದು ಅವಳು ನಕ್ಕಳು, ನಕ್ಕು ಚಾಪೆ ಹಾಸಿಕೊಟ್ಟಳು. ಅಲ್ಲಿಂದಲೇ ಮಗನಿಗೆ ಹೇಳಿದೆ: ನನ್ನ ಚಿಂತೆ ನಿನಗಿನ್ನು ಬೇಡ, ತಂಗಿಯ ಮನೆಯಲ್ಲಿದ್ದೇನೆ, ಪೇಪರ್ ಹಾಕು. ಈಗ ಅಲ್ಲಿ ಚಳಿ ವಿಪರೀತ ಎಂದ. ಮುಂದಿನ ವಾರ ಕೇಳಿದರೆ, ಗೆಳೆಯನ ಜೊತೆ ರೂಮಿನಲ್ಲಿದ್ದೇನೆ, ಬೇರೆ ಮನೆ ನೋಡಬೇಕು ಎಂದ. ಅದರ ಮುಂದಿನ ವಾರ, ಏನೇ ಆಗಲಿ ಅವಳು ಆ ಪರೀಕ್ಷೆ ಪಾಸಾದರೆ ಒಳ್ಳೆಯದೇ ಎಂದ. ಕೈಗೆ ಸಿಕ್ಕ ಮೊದಲ ನೆಪ ನಾನಾಗಿದ್ದೆ, ಅಷ್ಟೆ.

ಮೂರನೆಯ ಪರೀಕ್ಷೆಯ ದಿನ, ಪರೀಕ್ಷೆ ನಡೆಯುವ ಹೊತ್ತಿಗೆ, ರಂಜನಾ ದೇವಕ್ಕನ ಬಾಗಿಲಿಗೆ ಬಂದಳು. ಯಾಕೆ ಹೋಗಲಿಲ್ಲ ಎಂದು ನಾನು ಕೇಳಲಿಲ್ಲ. ಅವಳು ನನ್ನ ಸೀರೆಗಳನ್ನು ಮಡಿಚತೊಡಗಿದಳು. ಇನ್ನೊಂದು ಸಲ ಅವನನ್ನು ಕೇಳಿ ನೋಡುತ್ತೇನೆ ಎಂದೆ.

"ಕೇಳಬ್ಯಾಡ್ರಿ ಅತ್ತಿ. ನೀವು ಕೇಳಿದಾಗೊಮ್ಮೆ ಅವ್ರು ಇನ್ನೊಂದು ಸುಳ್ಳು ಹುಡುಕಬೇಕಾಗ್ತೈತಿ. ಅದನ್ನ ಕೇಳಿಸ್ಕೊಳ್ಳಾಕ ಇನ್ನ ನನ್ನ ಕೈಲೆ ಆಗೂದಿಲ್ಲ."

ಅವಳ ಹಿಂದೆ ಚೆಂಬೂರಿನ ನಮ್ಮ ಮನೆಗೆ ಬಂದೆ.

ಈಗ ರಂಜನಾ ಸ್ಟೇಷನ್ ಕಡೆಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದಾಳೆ. ತವರಿಗೂ ಹೋಗುವುದಿಲ್ಲ, ಏನೆಂದು ಹೇಳಿಕೊಂಡು ಹೋಗಲಿ ಎನ್ನುತ್ತಾಳೆ. ಶಿವಪುತ್ರ ಭಾನುವಾರ ಫೋನು ಮಾಡುತ್ತಾನೆ, ನನ್ನ ಜೊತೆ ಮಾತಾಡುತ್ತಾನೆ. ನಾನು ಪೇಪರಿನ ಮಾತು ತೆಗೆಯುವುದನ್ನು ಬಿಟ್ಟಿದ್ದೇನೆ. ನಮ್ಮ ಸಿಟ್ಟು ಇಳಿಯಿತು ಎಂದುಕೊಂಡಿದ್ದಾನೆ, ದನಿಯಲ್ಲಿ ಗೊತ್ತಾಗುತ್ತದೆ, ಹಗುರಾಗಿದ್ದಾನೆ. ಮೊನ್ನೆ ಫೋನು ತಿರುಗಿಸಿ ಕಿಟಕಿಯಾಚೆ ಬಿದ್ದ ಹಿಮ ತೋರಿಸಿದ. ಚಂದ ಇದೆಯಪ್ಪ ಎಂದೆ. ರಂಜನಾ ಒಲೆ ಆರಿಸಿ, ಚಪ್ಪಲಿ ಮೆಟ್ಟಿ ಹೊರಗೆ ಹೋದಳು. ಬಾಗಿಲ ಸದ್ದು ಅವನಿಗೂ ಕೇಳಿಸಿರಬೇಕು. ಯಾರು ಹೋದದ್ದು ಎಂದು ಅವನು ಕೇಳಲಿಲ್ಲ.