ಮಠದ ಜೀಪಿನ ಕಪ್ಲರ್

ಆಯುಧಪೂಜೆಯ ಮರುದಿನ ಅಜ್ಜಂಪುರದ ಕಲ್ಲೇಶನ ಗಾಡಿ ವೈರಿಂಗ್ ಅಂಗಡಿಗೆ ಮಠದ ಜೀಪನ್ನು ನಾಲ್ಕು ಜನ ತಳ್ಳಿಕೊಂಡು ಬಂದರು. ಬಾನೆಟ್ಟಿನ ಮೇಲೆ ಚೆಂಡುಹೂವಿನ ಹಾರ, ಗಾಜಿಗೆ ವಿಭೂತಿಯ ಮೂರು ಪಟ್ಟೆ. ಡ್ರೈವರ್ ಗಿರಿಯಪ್ಪ ಪೂಜೆಗೆ ಮುಂಚೆ ಬಾನೆಟ್ ಎತ್ತಿ, ಬಹಳ ಭಕ್ತಿಯಿಂದ, ಒಳಗೆಲ್ಲ ಪೈಪಿನ ನೀರು ಹೊಡೆದಿದ್ದ.

"ದೇವ್ರಿಗೆ ಸ್ನಾನ ಮಾಡ್ಸ್ದಂಗೆ ಮಾಡ್ಸಿದ್ದೆ ಕಣ್ರೀ, ಈಗ ಮಾತೇ ಆಡ್ತಿಲ್ಲ. ಮಧ್ಯಾಹ್ನ ಭಕ್ತರನ್ನ ಹೆಬ್ಬೆ ಫಾಲ್ಸಿಗೆ ಕರ್ಕೊಂಡು ಹೋಗ್ಬೇಕು."

ಕಲ್ಲೇಶ ಒಂದು ಗಂಟೆ ನೋಡಿದ. ಬ್ಯಾಟರಿ ಸರಿಯಿತ್ತು, ಫ್ಯೂಸು ಸರಿಯಿತ್ತು. "ಪೂರ್ತಿ ವೈರಿಂಗೇ ಬದಲಾಯಿಸ್ಬೇಕು," ಎಂದ.

ಗಿರಿಯಪ್ಪ ತಲೆ ಕೆರೆದುಕೊಂಡ. "ಅಕ್ಕ ಇಲ್ವಾ?"

ಎರಡು ವರ್ಷದಿಂದ ಕಲ್ಲೇಶ ಈ ಮಾತು ನುಂಗುತ್ತಿದ್ದ. ಹೆಂಡತಿ ಶಾಂಭವಿಗೆ ಟೆಸ್ಟರ್ ಹಿಡಿಯುವುದನ್ನು ಕಲಿಸಿದವನೇ ಅವನು. ಈಗ ತರೀಕೆರೆಯ ಗಾಡಿಗಳೂ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದವು. ಬೋರ್ಡಿನ ಮೇಲೆ ಅವನ ಹೆಸರು, ಬಂದವರ ಬಾಯಲ್ಲಿ ಅವಳ ಹೆಸರು.

ಶಾಂಭವಿ ಊಟದ ಡಬ್ಬಿ ಹಿಡಿದು ಬಂದಳು. "ಕೀ ತಿರುಗ್ಸಿ," ಎಂದು ಕಣ್ಣು ಮುಚ್ಚಿ ನಿಂತಳು. ಅವಳ ಅಪ್ಪ ಮಠದಲ್ಲಿ ಪುರಾಣ ಓದುತ್ತಿದ್ದವರು. ಪದ್ಯದಲ್ಲಿ ಒಂದು ಮಾತ್ರೆ ತಪ್ಪಿದರೂ ಹಿಡಿಯುವ ಅವರ ಕಿವಿ ಇವಳಿಗೂ ಬಂದಿತ್ತು.

"ರಿಲೇ ಟಕ್ ಅಂತಿದೆ. ಅಲ್ಲೀಗಂಟ ಕರೆಂಟ್ ಬತ್ತಿದೆ. ತೊಂದ್ರೆ ಅದ್ರಿಂದಾಚೆ."

ಸಿಗದಿರಲಿ ಶಿವನೇ, ಎಂದು ಕಲ್ಲೇಶ ಮನಸ್ಸಿನಲ್ಲೇ ಬೇಡಿಕೊಂಡ.

ಸಿಕ್ಕಿತು. ಸ್ಟಾರ್ಟರಿನ ಹತ್ತಿರ, ಎರಡು ವೈರು ಕೂಡುವ ಪ್ಲಾಸ್ಟಿಕ್ ಕಪ್ಲರಿನೊಳಗೆ, ಮೊದಲೇ ಹಸಿರುಗಟ್ಟಿದ್ದ ಪಿನ್ನಿನ ಸುತ್ತ ನೀರು ನಿಂತಿತ್ತು. ಅವಳು ಅದನ್ನು ಒರೆಸಿ, ಉಜ್ಜಿ, ಸಡಿಲವಾಗಿದ್ದ ಟರ್ಮಿನಲ್ಲನ್ನು ಪ್ಲೈಯರಿನ ತುದಿಯಿಂದ ಬಿಗಿ ಮಾಡಿ, ಲಾಕ್ ಟಿಕ್ ಎಂದು ಕೂರುವವರೆಗೆ ಒತ್ತಿದಳು. ಜೀಪು ಒಂದೇ ಸಲಕ್ಕೆ ಗುಡುಗಿತು.

"ಅಕ್ಕನ ಕೈ ಅಂದ್ರೆ ಕೈ ಕಣ್ರೀ!" ಗಿರಿಯಪ್ಪ ಎಂಜಿನ್ ಆರಿಸಿ ಟೀ ಕುಡಿಯಲು ಹೋದ. ಶಾಂಭವಿ ಕೈ ತೊಳೆಯಲು ಹಿಂದಕ್ಕೆ ಹೋದಳು.

ಕಲ್ಲೇಶ ಬಗ್ಗಿದ. ಲಾಕ್ ಅದುಮಿ, ಕಪ್ಲರನ್ನು ಅರ್ಧ ಹೊರಗೆಳೆದ.

ಗಿರಿಯಪ್ಪ ಬಂದು ಕೀ ತಿರುಗಿಸಿದರೆ ಜೀಪು ಮತ್ತೆ ಮೂಕ. ಶಾಂಭವಿ ಓಡಿಬಂದಳು. ಅವಳು ಬಗ್ಗುವ ಮೊದಲೇ ಕಲ್ಲೇಶ ಕೈ ಹಾಕಿ ಒತ್ತಿದ. ಮತ್ತೆ ಕೀ ತಿರುಗಿಸಿದೊಡನೆ ಎಂಜಿನ್ ಎದ್ದಿತು.

"ಆಹಾ ಕಲ್ಲೇಶಣ್ಣ! ಗುರು ಗುರುನೇ ಬಿಡ್ರಿ!"

ಎರಡು ವರ್ಷದಿಂದ ಕಾದಿದ್ದ ಮಾತು. ಶಾಂಭವಿ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು. "ಲಾಕ್ ಕೂತಿದ್ದು ಕೇಳ್ಸಿತ್ತಲ್ಲ," ಎಂದಳು ಮೆಲ್ಲಗೆ.

"ಹೆಡ್‌ಲೈಟೂ ಹತ್ತುತ್ತಿಲ್ಲ ನೋಡಿ," ಎಂದ ಗಿರಿಯಪ್ಪ. "ವಾಪಸ್ ಬರೋವಾಗ ಕತ್ತಲಾಯ್ತದೆ, ಘಾಟಿ ಬೇರೆ. ಎಲ್ಲಾ ವಯಸ್ಸಾದೋರು."

ಶಾಂಭವಿ ಟೆಸ್ಟರನ್ನು ಗಂಡನ ಕಡೆ ಚಾಚಿದಳು. "ನೀವೇ ನೋಡ್ರೀ. ನನ್ನ ಕಿವಿ ನಂಬೋ ಹಂಗಿಲ್ಲ."

ಅವನು ನೋಡಿದ. ಬಲ್ಬು, ಫ್ಯೂಸು, ಸ್ವಿಚ್ಚು. ಮತ್ತೆ ಬಲ್ಬು. ಅವಳು ಗೋಡೆಗೊರಗಿ ನಿಂತಿದ್ದಳು. ಒಂದು ಸಲವೂ ಹತ್ತಿರ ಬರಲಿಲ್ಲ. ಗಿರಿಯಪ್ಪ ಮತ್ತೆ ಮತ್ತೆ ಗಡಿಯಾರ ನೋಡಿದ. "ಹೋಗ್ಲಿ, ಹಿಂಗೇ ಹೊಂಟುಬಿಡ್ತೀನಿ. ಶಿವ ಇದಾನೆ."

ಕಲ್ಲೇಶ ಬಾನೆಟ್ಟಿನಿಂದ ತಲೆ ಎತ್ತಲಿಲ್ಲ. "ಶಾಂಭವೀ, ಲಾಕ್ ಸರಿಯಾಗೇ ಕೂತಿತ್ತು ಕಣೇ. ಬಿಚ್ಚಿದ್ದು ನಾನು."

ಗಿರಿಯಪ್ಪ ಇಬ್ಬರನ್ನೂ ನೋಡಿದ. "ಯಾಕಣ್ಣ?"

"ನೀನು 'ಅಕ್ಕ ಇಲ್ವಾ' ಅಂದ್ಯಲ್ಲ, ಅದಕ್ಕೆ."

ಶಾಂಭವಿ ಬಂದು ಅವನ ಕೈಯಿಂದ ಟೆಸ್ಟರ್ ಕಿತ್ತುಕೊಂಡಳು. ಸೆರಗು ಸಿಕ್ಕಿಸಿ ಚಕ್ರದ ಪಕ್ಕ ಕೂತಳು.

"ಟಾರ್ಚ್ ಹಿಡ್ಕಳ್ರಿ. ನನ್ನ ಮುಖಕ್ಕಲ್ಲ, ವೈರಿಗೆ."

ಅವನು ಹಿಡಿದ. ಹತ್ತು ನಿಮಿಷದಲ್ಲಿ ಎರಡೂ ದೀಪ ಹತ್ತಿದವು. ಗಿರಿಯಪ್ಪ ಅವಳಿಗಷ್ಟೇ ಕೈಮುಗಿದು ಹೊರಟ. ಕಲ್ಲೇಶನಿಗೆ ಆಗಲೂ ಹೊಟ್ಟೆ ಉರಿಯಿತು.