ಹುಳದ ಮೀಸೆ

ಜೋಳದ ಕಾಳಿನಷ್ಟು ದೊಡ್ಡ ಕಪ್ಪು ದುಂಬಿ ಅದು. ಸತ್ತು ಎಂಬತ್ತು ವರ್ಷವಾಗಿತ್ತು. ಆ ಜಾತಿಗೆ ಹೆಸರಿಟ್ಟದ್ದು ಅದೊಂದೇ ಹುಳವನ್ನು ನೋಡಿ; ಎರಡನೆಯದು ಇನ್ನೂ ಯಾರಿಗೂ ಸಿಕ್ಕಿರಲಿಲ್ಲ. ಹೊರದೇಶದ ಮ್ಯೂಸಿಯಮ್ಮಿನಿಂದ ಎರವಲಾಗಿ, ಹತ್ತಿ ತುಂಬಿದ ಪೆಟ್ಟಿಗೆಯಲ್ಲಿ ಜೋಗೇಶ್ವರಿಯ ಕೀಟ ಪ್ರಯೋಗಾಲಯಕ್ಕೆ ಬಂದಿತ್ತು. ತರಿಸಿದವಳು ಮೈಸೂರು ಕಡೆಯ ಕೀಟವಿಜ್ಞಾನಿ ಡಾಕ್ಟರ್ ಪುಟ್ಟಲಕ್ಷ್ಮಿ. ಫೋಟೋ ತೆಗೆಯಬೇಕಾದವನು ವಿಜಾಪುರ ಕಡೆಯ ಶೆಟ್ಟೆಪ್ಪ. ಹುಳದ ಜವಾಬ್ದಾರಿ ನನ್ನದು ಎಂದು ಸಹಿ ಹಾಕಿದ ದಿನದಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

ಅಷ್ಟು ಹತ್ತಿರದಿಂದ ಫೋಟೋ ತೆಗೆದರೆ ಬೆನ್ನು ಸ್ಪಷ್ಟವಾದಾಗ ಕಾಲು ಮಸುಕು, ಕಾಲು ಸ್ಪಷ್ಟವಾದಾಗ ಬೆನ್ನು ಮಸುಕು. ಅದಕ್ಕೆ ಶೆಟ್ಟೆಪ್ಪ ಒಂದು ದಾರಿ ಹಿಡಿದಿದ್ದ. ಸ್ಲೈಡ್ ಪ್ರೊಜೆಕ್ಟರಿನ ಮುಂದೆ ಎರಡು ಬ್ಲೇಡುಗಳನ್ನು ಕೂದಲೆಳೆಯ ಸಂದು ಬಿಟ್ಟು ಅಂಟಿಸಿದರೆ ಬೆಳಕು ಹಾಳೆಯಂತೆ ತೆಳ್ಳಗಾಗಿ ಹೊರಡುತ್ತದೆ. ಕತ್ತಲೆ ಕೋಣೆಯಲ್ಲಿ ಕ್ಯಾಮೆರಾ ಮೇಲಿನಿಂದ ಆ ಹಾಳೆಯನ್ನೇ ನೋಡುತ್ತ ತೆರೆದಿರುತ್ತದೆ. ಹಳೆಯ ಸೂಕ್ಷ್ಮದರ್ಶಕದ ಕಟ್ಟೆಯ ಮೇಲೆ ಹುಳವನ್ನಿಟ್ಟು, ತಿರುಪು ತಿರುಗಿಸುತ್ತ ನಿಧಾನ ಮೇಲೆತ್ತಬೇಕು. ಬೆಳಕಿಗೆ ಬಂದಷ್ಟೇ ಫಿಲ್ಮಿನಲ್ಲಿ ಮೂಡುತ್ತದೆ, ಮೂಡಿದ್ದೆಲ್ಲ ಸ್ಪಷ್ಟ. ಎಂಟು ನಿಮಿಷ ಕೈ ಒಂದೇ ಹದದಲ್ಲಿರಬೇಕು, ಬಿತ್ತುವಾಗ ಕೂರಿಗೆ ಬಟ್ಟಲಿಗೆ ಬೀಜ ಬಿಡುವ ಕೈಯ ಹಾಗೆ.

ಆದರೆ ಬೆಳಕು ಒಂದೇ ಕಡೆಯಿಂದ ಬಿದ್ದು ಹುಳದ ಎಡಮೈಯೆಲ್ಲ ಕತ್ತಲೆಯಾಗುತ್ತಿತ್ತು. ಪುಟ್ಟಲಕ್ಷ್ಮಿಗೆ ಬೇಕಾದ ಬೆನ್ನಿನ ರೋಮಗಳು ಕಾಣುತ್ತಿರಲಿಲ್ಲ. ಶೆಟ್ಟೆಪ್ಪ ಎದುರಿಗೆ ಕನ್ನಡಿಯಿಟ್ಟು ಬೆಳಕನ್ನು ಮರಳಿ ಹುಳದ ಮೇಲೆ ಕಳಿಸಲು ನೋಡಿದ. ಹೋಗುವ ಹಾಳೆ, ಬರುವ ಹಾಳೆ ಒಂದೇ ಮಟ್ಟದಲ್ಲಿರಬೇಕಿತ್ತು. ಅಟೆಂಡರ್ ದೂಜ ಊದುಬತ್ತಿ ಹಚ್ಚಿ ಆಡಿಸಿದ. ಹೊಗೆಯಲ್ಲಿ ಎರಡೂ ಕಂಡವು.

“ಸ್ವಲ್ಪ ಕೆಳಗೆ ಮಾರಾಯ್ರೆ. ನಾನು ಶೇವ್ ಮಾಡುವ ಕನ್ನಡಿಯಲ್ಲಿ ನಿಮ್ಮ ಹುಳಕ್ಕೆ ಅಲಂಕಾರ,” ದೂಜ ನಕ್ಕ.

“ಬಾಯಿ ಮುಚ್ಚಪಾ. ನಿನ್ನ ಉಸರಿಗೇ ಹಾರಿ ಹೋಗ್ತೈತಿ ಅದು.”

ಮರುದಿನ ಮಧ್ಯಾಹ್ನ ಹುಳವನ್ನು ಫೋರ್ಟಿನ ದೊಡ್ಡ ಅಂಚೆ ಕಚೇರಿಗೆ ಒಯ್ದು ತಿರುಗಿ ಕಳಿಸಬೇಕಿತ್ತು. ಆ ದಿನವೇ ಬೆಳಿಗ್ಗೆ ಹನ್ನೊಂದಕ್ಕೆ ಕಿಟಕಿಗೆ ಕಪ್ಪು ಕಾಗದ ಹಚ್ಚಿ, ಮೇಜಿಗೆ ಕರಿಬಟ್ಟೆ ಹಾಸಿ, ಫ್ಯಾನು ನಿಲ್ಲಿಸಿ, ಬಾಗಿಲು ಹಾಕಿ ಶುರು ಮಾಡಿದರು. ಐದು ನಿಮಿಷವಾಗಿತ್ತು. ಕರೆಂಟು ಹೋಯಿತು.

ಕತ್ತಲೆಯಿಂದ ಫಿಲ್ಮಿಗೆ ಕೆಡುಕಿಲ್ಲ. ಕೆಡುಕು ಇದ್ದದ್ದು ತಿರುಪಿನಲ್ಲಿ. ಅದರ ಹಲ್ಲು ಸವೆದು, ಕೈ ಬಿಟ್ಟರೆ ಕಟ್ಟೆ ಕುಸಿಯುತ್ತಿತ್ತು. ಶೆಟ್ಟೆಪ್ಪ ಹಿಡಿದೇ ಕೂತ. ಪಕ್ಕದ ಕಾರ್ಖಾನೆಗಳ ಸದ್ದೂ ನಿಂತಿತು.

“ಶೆಟ್ಟೆಪ್ಪಣ್ಣ, ನಾನು ಹಿಡೀಲಿಕ್ಕುಂಟಾ?”

“ಮುಟ್ಟಬ್ಯಾಡ.”

“ಕೈ ಸೋಲ್ತದೆ ಅಲ್ವಾ?”

“ಸೋತ್ರ ನನ್ನ ಕೈ. ನೀ ಸುಮ್ನ ಕುಂದರು.”

ಇಪ್ಪತ್ತು ನಿಮಿಷ ಹೋಗಿರಬೇಕು. ಬೆರಳು ಜೋಮು ಹಿಡಿದು, ತಿರುಪು ನಿಂತಿದೆಯೋ ಜಾರುತ್ತಿದೆಯೋ ತಿಳಿಯದಾಯಿತು. ಬೆವರು ಹುಬ್ಬಿನ ಮೇಲೆ ಬಂದು ನಿಂತಿತು. ಅದು ಹುಳದ ಮೇಲೆ ಬಿದ್ದರೆ ಎಂದು ಕುತ್ತಿಗೆಯನ್ನು ಹಿಂದಕ್ಕೆಳೆದುಕೊಂಡ.

ಬೆಳಕು ಬಂತು. ದೂಜ ಕೈ ಮುಗಿದ. ಶೆಟ್ಟೆಪ್ಪನೂ ಮುಗಿದ. ಊರಲ್ಲಿ ಅವ್ವ ದೀಪ ಹಚ್ಚಿದಾಗ, ಇಲ್ಲಿ ಚಾಳಿನ ಖೋಲಿಯಲ್ಲಿ ಬಲ್ಬು ಹೊತ್ತಿದಾಗ, ನಲವತ್ತು ವರ್ಷದಿಂದ ಮುಗಿಯುತ್ತ ಬಂದ ಕೈ ಅದು. ತಿರುಪು ಬಿಡಲು ಅದು ಅವನನ್ನು ಕೇಳಲಿಲ್ಲ.

ಕಟ್ಟೆ ಟಕ್ಕೆಂದು ಕುಸಿಯಿತು.

ಭೂತಗನ್ನಡಿ ಹಿಡಿದು ನೋಡಿದ. ಹುಳದ ತಲೆಯ ಮೇಲೆ ಎಡಮೀಸೆ ಇತ್ತು. ಬಲಗಡೆಯದು ಇರಲಿಲ್ಲ.

ದೂಜನೂ ಬಗ್ಗಿ ನೋಡಿದ. ಆಮೇಲೆ ಪಿಸುಗುಟ್ಟಿದ: “ಪೋಸ್ಟಲ್ಲಿ ಬರುವಾಗಲೇ ಮುರಿದದ್ದು ಅಂತ ಹೇಳುವ. ಯಾರು ನೋಡಿದ್ದಾರೆ?”

ಶೆಟ್ಟೆಪ್ಪ ಭೂತಗನ್ನಡಿ ಕೆಳಗಿಟ್ಟ. ಹೇಳಬಹುದಿತ್ತು. ಹೇಳಿ ಮನೆಗೆ ಹೋಗಿ ಊಟ ಮಾಡಬಹುದಿತ್ತು. ಅಷ್ಟರಲ್ಲಿ ಹೊರಗೆ ಚಪ್ಪಲಿ ಸದ್ದಾಗಿ ಬಾಗಿಲ ಚಿಲಕ ಅಲುಗಿತು.

“ಆಯ್ತೇನ್ರೀ ಶೆಟ್ಟೆಪ್ಪ? ಕರೆಂಟ್ ಬಂತಲ್ಲ.” ಪುಟ್ಟಲಕ್ಷ್ಮಿಯ ದನಿ.

ಬಾಗಿಲು ತೆರೆದರೆ ಗಾಳಿ. ಗಾಳಿ ಬಂದರೆ ಈ ಕರಿಬಟ್ಟೆಯ ಮೇಲೆ ಎಲ್ಲೋ ಬಿದ್ದಿರುವ ಆ ಎಳೆ ಮತ್ತೆ ಸಿಗುವುದಿಲ್ಲ.

“ತಗೀಬ್ಯಾಡ್ರಿ ಮೇಡಂ. ಗಾಳಿ ಬರ್ತೈತ್ರಿ. ಮೀಸಿ ಮುರದೈತಿ. ನನ್ನ ಕೈಲೇ ಮುರೀತ್ರಿ.”

ಚಿಲಕ ಅಲುಗುವುದು ನಿಂತಿತು.

“ಸಿಕ್ಕಿದ್ಯಾ?”

“ಇನ್ನೂ ಇಲ್ರಿ.”

“ಹುಡುಕಿ. ಬಾಗಿಲು ನಾನು ಹಿಡ್ಕೊಂಡಿರ್ತೀನಿ. ಯಾರನ್ನೂ ಬಿಡಲ್ಲ.”

ಶೆಟ್ಟೆಪ್ಪ ಪ್ರೊಜೆಕ್ಟರಿನ ಕೆಳಗೆ ಎತ್ತರಕ್ಕೆಂದು ಇಟ್ಟಿದ್ದ ಪುಸ್ತಕಗಳನ್ನು ಒಂದೊಂದಾಗಿ ತೆಗೆದು, ಬೆಳಕಿನ ಹಾಳೆ ಮೇಜನ್ನು ಸವರಿಕೊಂಡು ಹೋಗುವ ಹಾಗೆ ಇಳಿಸಿದ. ನುಣುಪೆಂದುಕೊಂಡಿದ್ದ ಬಟ್ಟೆಯ ಮೇಲೆ ಧೂಳಿನ ಕಣಗಳೆಲ್ಲ ಎದ್ದು ನಿಂತವು, ಜೋಳ ಕೊಯ್ದ ಹೊಲದ ಕೂಳೆಯ ಹಾಗೆ, ಒಂದೊಂದಕ್ಕೂ ಉದ್ದುದ್ದ ನೆರಳು. ಇಬ್ಬರೂ ಅಂಗೈಯಿಂದ ಮೂಗು ಬಾಯಿ ಮುಚ್ಚಿಕೊಂಡು ಬೊಟ್ಟು ಬೊಟ್ಟು ಜಾಗ ನೋಡುತ್ತ ಬಂದರು. ಮೇಜಿನ ಅಂಚಿನ ಹತ್ತಿರ ಒಂದು ನೆರಳಿಗೆ ಮಣಿ ಪೋಣಿಸಿದಂತೆ ಮೀಸೆಯ ಗೆಣ್ಣುಗಳಿದ್ದವು.

“ಏನ್ರೀ, ಸಿಕ್ತಾ?” ಹೊರಗಿನಿಂದ ಕೇಳಿದಳು.

ಅದು ಶೆಟ್ಟೆಪ್ಪನ ಬಾಯಿಗೆ ಗೇಣು ದೂರದಲ್ಲಿತ್ತು, ಉತ್ತರ ಕೊಡುವಂತಿರಲಿಲ್ಲ. ಕಣ್ಣಲ್ಲೇ ಕುಂಚ ಬೇಡಿದ. ಕುಂಚದ ಒದ್ದೆ ತುದಿ ಎರಡು ಸಲ ತಪ್ಪಿತು. ಮೂರನೆಯ ಸಲ ಎಳೆ ಅಂಟಿಕೊಂಡು ಮೇಲೆದ್ದಿತು. ದೂಜ ಹಿಡಿದಿದ್ದ ಗಾಜಿನ ಡಬ್ಬಿಯೊಳಗೆ ಅದನ್ನು ಇಳಿಸಿ ಮುಚ್ಚಳ ಹಾಕಿದರು.

ಇನ್ನು ಬಾಗಿಲು ತೆಗೆಯಬಹುದಿತ್ತು. ಅವಳ ಮುಖ ನೋಡಬೇಕಲ್ಲ ಎಂದು ಶೆಟ್ಟೆಪ್ಪ ತುಸು ಹೊತ್ತು ನಿಂತ. ಆಮೇಲೆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಬರ್ರಿ ಮೇಡಂ” ಎಂದ.